ಸ್ಪಿರಿಟ್ ಸಿಸ್ಟರ್

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ, ಬೆಳಗಿನಿಂದ ನಮಗೆಲ್ಲ ಕಾನೂನಿನ ಪಾಠ ಹೇಳಿದ ವಕೀಲರಾದ ಮೇಡಂ ಅವರೇ, ಸಂಚಾರ ಠಾಣೆಯಿಂದ ಬಂದಿರುವ ಅಧಿಕಾರಿಗಳೇ, ಮೂವತ್ತನಾಲ್ಕು ವರ್ಷ ನನ್ನ ಸಿಡುಕನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಹೊಸದಾಗಿ ಕೆಲಸಕ್ಕೆ ಸೇರಿರುವ ಮಕ್ಕಳೇ, ಹಾಗೂ ಊಟವಾದ ಮೇಲೂ ಎದ್ದು ಹೋಗದೆ ಕುಳಿತಿರುವ ಸಹನಶೀಲ ಸಭಿಕರೇ,

ತಮಗೆಲ್ಲರಿಗೂ ನನ್ನ ವಂದನೆಗಳು.

ನಮ್ಮ ಆಸ್ಪತ್ರೆಯಲ್ಲಿ ಯಾವುದನ್ನೂ ದಂಡ ಮಾಡುವುದಿಲ್ಲ. ಅರ್ಧ ಉಳಿದ ಬ್ಯಾಂಡೇಜ್ ಸುರುಳಿಯನ್ನು ಎಸೆಯುವುದಿಲ್ಲ, ಬಾಡಿಗೆಗೆ ತಂದ ಮೈಕನ್ನು ಒಂದೇ ಕಾರ್ಯಕ್ರಮಕ್ಕೆ ಬಳಸಿ ವಾಪಸ್ ಕಳಿಸುವುದೂ ಇಲ್ಲ. ಹಾಗಾಗಿ ಬೆಳಗ್ಗೆ ಕುಡಿದು ವಾಹನ ಓಡಿಸುವವರ ಬಗ್ಗೆ ಕಾನೂನು ಶಿಬಿರ, ಮಧ್ಯಾಹ್ನ ನನ್ನ ಬೀಳ್ಕೊಡುಗೆ. ಅದೇ ಕುರ್ಚಿ, ಅದೇ ಮೈಕು. ನನಗೇನೂ ಬೇಸರವಿಲ್ಲ. ಒಬ್ಬ ನರ್ಸ್ ನಿವೃತ್ತಳಾಗುತ್ತಾಳೆಂದರೆ ಇಷ್ಟು ಜನ ಸೇರುತ್ತಿದ್ದರೇ? ಸಂಚಾರ ಠಾಣೆಯವರಂತೂ ಖಂಡಿತ ಬರುತ್ತಿರಲಿಲ್ಲ.

ನನ್ನ ಕೈಯಲ್ಲಿ ಒಂದು ಚೀಟಿ ಇದೆ. ನಿನ್ನೆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದುಕೊಂಡದ್ದು. ಯಾರು ಯಾರಿಗೆ ಧನ್ಯವಾದ ಹೇಳಬೇಕು ಎಂಬುದಷ್ಟೇ ಇದರಲ್ಲಿದೆ. ಅದನ್ನು ಓದಿ ಕೂರಬೇಕೆಂದಿದ್ದೆ. ಆದರೆ ಬೆಳಗಿನ ಪಾಠ ಕೇಳಿದ ಮೇಲೆ ಎರಡು ಮಾತು ಹೆಚ್ಚಿಗೆ ಆಡದಿದ್ದರೆ ಆಗುವುದಿಲ್ಲ ಅನ್ನಿಸಿತು.

ವಕೀಲ ಮೇಡಂ ಬಹಳ ಚೆನ್ನಾಗಿ ಹೇಳಿದರು. ರಕ್ತದಲ್ಲಿ ಮದ್ಯದ ಅಂಶ ಮಿತಿ ದಾಟಿದ್ದರೆ ಮೊದಲ ಸಲಕ್ಕೆ ದಂಡ, ಇಲ್ಲವೇ ತಿಂಗಳುಗಟ್ಟಲೆ ಸೆರೆ, ಇಲ್ಲವೇ ಎರಡೂ. ಎರಡನೆಯ ಸಲ ಸಿಕ್ಕಿಬಿದ್ದರೆ ವರ್ಷದ ಮಾತು. ಲೈಸೆನ್ಸ್ ಅಮಾನತಾಗುತ್ತದೆ, ಚಾಲಕನಾಗಿ ದುಡಿಯುವವನಿಗೆ ಅಲ್ಲಿಗೆ ಅನ್ನ ಹೋದಂತೆಯೇ. ಯಾರಿಗಾದರೂ ಪೆಟ್ಟಾದರೆ ಬೇರೆ ಕಲಂ, ಜೀವ ಹೋದರೆ ಇನ್ನೂ ಬೇರೆ. ಇಷ್ಟನ್ನು ಹೇಳಿ, ಆರೋಪಿಯ ಪರ ವಕೀಲರು ಹೇಗೆ ವಾದಿಸುತ್ತಾರೆ ಎಂಬುದನ್ನೂ ಹೇಳಿದರು. ಉಸಿರು ಪರೀಕ್ಷಿಸುವ ಯಂತ್ರ ಸರಿ ಇತ್ತೇ ಎಂದು ಕೇಳುತ್ತಾರೆ, ರಕ್ತದ ಶೀಷೆಗೆ ಅರಗಿನ ಮುದ್ರೆ ಹಾಕಿದ್ದು ಯಾರು ಎಂದು ಕೇಳುತ್ತಾರೆ, ಕೊನೆಗೆ ಏನೂ ಸಿಗದಿದ್ದರೆ ಸೂಜಿ ಚುಚ್ಚುವ ಮೊದಲು ಕೈ ಒರೆಸಿದ್ದು ಯಾವುದರಿಂದ ಎಂದು ಕೇಳುತ್ತಾರೆ. ಏಕೆಂದರೆ ಸ್ಪಿರಿಟ್‌ನಿಂದ ಒರೆಸಿದರೆ ಸ್ಪಿರಿಟ್ ಕೂಡ ಮದ್ಯಸಾರವೇ. ರಕ್ತದಲ್ಲಿ ಸಿಕ್ಕಿದ್ದು ಅವನು ಕುಡಿದದ್ದೋ ನೀವು ಒರೆಸಿದ್ದೋ ಎಂಬ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದರೆ ಅದರ ಲಾಭ ಆರೋಪಿಗೆ.

ಆಮೇಲೆ ಮೇಡಂ ಒಂದು ಉದಾಹರಣೆ ಕೊಟ್ಟರು. ಹನ್ನೊಂದು ವರ್ಷದ ಹಿಂದೆ ಒಬ್ಬ ನರ್ಸ್ ಅಭ್ಯಾಸಬಲದಿಂದ ಸ್ಪಿರಿಟ್ ಬಳಸಿದರು, ಒಬ್ಬ ಹೆಂಗಸಿನ ಕಾಲು ಮುರಿದ ಚಾಲಕ ಬಿಡುಗಡೆಯಾದ, ನೋಡಿ, ಒಂದು ಚಿಕ್ಕ ಅಜಾಗರೂಕತೆ ಎಂದರು. ಈ ಮಕ್ಕಳೆಲ್ಲ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಳಬರೆಲ್ಲ ಮೆಲ್ಲಗೆ ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳುವ ಅಗತ್ಯವೇ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಆ ನರ್ಸ್ ನಾನೇ, ಮೇಡಂ. ನಿಮಗೆ ಗೊತ್ತಿರಲಿಲ್ಲ, ಅದು ನಿಮ್ಮ ತಪ್ಪಲ್ಲ.

ಹೊಸ ಮಕ್ಕಳಿಗೆ ಹೇಳುತ್ತೇನೆ. ಈ ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿದೆ. ಸ್ಪಿರಿಟ್ ಸಿಸ್ಟರ್. ಔಷಧಿ ಉಗ್ರಾಣದವರು ಇಟ್ಟ ಹೆಸರು. ಮೊದಮೊದಲು ಹಿಂದಿನಿಂದ ಕರೆಯುತ್ತಿದ್ದರು, ಆಮೇಲೆ ಮುಂದಿನಿಂದಲೇ. ನಾನೂ ನಗುತ್ತಿದ್ದೆ. ಇಷ್ಟು ವರ್ಷವೂ ನಕ್ಕಿದ್ದೇನೆ. ಆ ಹೆಸರು ಹೋಗಲಿ ಎಂದು ಒಂದು ದಿನವೂ ಅಂದುಕೊಂಡಿಲ್ಲ. ಯಾಕೆ ಎಂದು ನೀವು ಕೇಳಬಹುದು. ಆ ಹೆಸರು ಇರುವವರೆಗೂ ನನಗೆ ಕ್ಷೇಮ. ಆದರೆ ಅದು ಆಮೇಲಿನ ಮಾತು.

ನರ ಹುಡುಕುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ನಾಲ್ಕು ಕಡೆ ಚುಚ್ಚಿಸಿಕೊಂಡು ಅಳುವ ಕೂಸನ್ನು ಕೊನೆಗೆ ನನ್ನ ಹತ್ತಿರ ತರುತ್ತಿದ್ದರು. ನರ ಕಣ್ಣಿಗೆ ಕಾಣದಿದ್ದರೆ ಕಣ್ಣು ಮುಚ್ಚಿ ಬೆರಳಿಂದ ನೋಡಬೇಕು, ಮಕ್ಕಳೇ. ಬೆರಳಿಗೆ ಕಣ್ಣಿಗಿಂತ ಹೆಚ್ಚು ತಿಳಿಯುತ್ತದೆ. ಅವಸರ ಮಾಡಬೇಡಿ. ರೋಗಿಯ ಜೊತೆ ಮಾತಾಡುತ್ತಾ ಇರಿ, ಮಾತಾಡುವಾಗ ಕೈ ಸಡಿಲವಾಗುತ್ತದೆ.

ಪೊಲೀಸರು ತಂದವರ ರಕ್ತ ತೆಗೆಯುವಾಗ ಮಾತ್ರ ಮಾತು ಬೇಡ. ಆಗ ತಟ್ಟೆಯೇ ಬೇರೆ. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಕಿಟಕಿಯ ಪಕ್ಕದ ಕಪಾಟಿನಲ್ಲಿ ಕೆಂಪು ಪಟ್ಟಿ ಅಂಟಿಸಿದ ತಟ್ಟೆ ಇದೆಯಲ್ಲ, ಅದು. ಅದರಲ್ಲಿ ಸ್ಪಿರಿಟ್ ಬಾಟಲಿಗೆ ಜಾಗವೇ ಇಲ್ಲ. ಕಂದು ಬಣ್ಣದ ಅಯೋಡಿನ್ ದ್ರಾವಣ, ಹತ್ತಿ, ಬೂದು ಮುಚ್ಚಳದ ಶೀಷೆ, ರಬ್ಬರ್ ಪಟ್ಟಿ, ಅರಗು. ಕಂದು ಔಷಧಿ ಹಚ್ಚಿದರೆ ಚರ್ಮದ ಮೇಲೆ ಕಲೆ ಉಳಿಯುತ್ತದೆ, ಎರಡು ದಿನ ಹೋಗುವುದಿಲ್ಲ. ಆ ತಟ್ಟೆಯನ್ನು ಹಾಗೆ ಜೋಡಿಸಿದವಳು ನಾನೇ. ಆ ಘಟನೆ ನಡೆಯುವುದಕ್ಕೆ ಆರು ವರ್ಷ ಮೊದಲೇ ಜೋಡಿಸಿದ್ದೆ.

ಆ ಮಧ್ಯಾಹ್ನ ನಾಲ್ಕು ಗಂಟೆ ದಾಟಿತ್ತು. ಮೊದಲು ಬಂದದ್ದು ಒಬ್ಬ ಹೆಂಗಸು. ಬಟ್ಟೆ ಹೊಲಿಯುವವರು, ಆಗ ನಲವತ್ತರ ಆಸುಪಾಸು. ಹೊಲಿದ ಶಾಲಾ ಸಮವಸ್ತ್ರಗಳ ಗಂಟು ಹೊತ್ತು ರಸ್ತೆ ದಾಟುತ್ತಿದ್ದಾಗ ಬ್ರೆಡ್ ಸಾಗಿಸುವ ವ್ಯಾನು ಬಂದು ಬಡಿದಿತ್ತು. ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಪ್ರಜ್ಞೆ ಇತ್ತು. ನಾನು ಅವರ ಬಟ್ಟೆ ಕತ್ತರಿಸುವಾಗ, "ಸಿಸ್ಟರ್, ಎರಡೂ ಕಡೆ ನೋಡೇ ದಾಟಿದೆ, ಅರ್ಧಕ್ಕೆ ಬಂದಿದ್ದೆ" ಎಂದು ಎರಡು ಮೂರು ಸಲ ಹೇಳಿದರು. ಆಯಿತಮ್ಮಾ ಸುಮ್ಮನಿರಿ ಎಂದೆ. ಡಾಕ್ಟರು ಅವರನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆದುಕೊಂಡು ಹೋದರು.

ಹತ್ತು ನಿಮಿಷಕ್ಕೆ ಪೇದೆಯೊಬ್ಬರು ಚಾಲಕನನ್ನು ಕರೆತಂದರು. ಠಾಣೆಯ ಉಸಿರಿನ ಯಂತ್ರ ರಿಪೇರಿಗೆ ಹೋಗಿತ್ತು. ರಕ್ತವೇ ಆಗಬೇಕು. ಒಳಗಿನಿಂದ ಡಾಕ್ಟರು, ಸಿಸ್ಟರ್ ನೀವೇ ತೆಗೆದುಬಿಡಿ ಎಂದು ಹೇಳಿ ಕಳಿಸಿದರು. ಚಾಲಕನ ಬಾಯಿಂದ ವಾಸನೆ ಬಾಗಿಲವರೆಗೂ ಬರುತ್ತಿತ್ತು. ನಾನು ಕೆಂಪು ಪಟ್ಟಿಯ ತಟ್ಟೆ ತೆಗೆದುಕೊಂಡೆ. ಎಡಗೈ ಚಾಚು ಎಂದೆ, ಏಕೆಂದರೆ ಬಲಗೈಯಲ್ಲಿ ಅವನಿಗೆ ಚಿಕ್ಕಂದಿನಿಂದಲೂ ನರ ಸಿಗುವುದಿಲ್ಲ.

ಚಿಕ್ಕಂದಿನಿಂದಲೂ ಎಂದೆ.

ಸಭಿಕರೇ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮಾತು ಚೀಟಿಯಲ್ಲಿ ಇರಲಿಲ್ಲ. ಇವತ್ತು ನಾನು ಹೇಳಬೇಕೆಂದುಕೊಂಡದ್ದು ತಟ್ಟೆಯ ಬಗ್ಗೆ ಮಾತ್ರ. ಮುಂದಿನ ಸಾಲಿನಲ್ಲಿ ಕುಳಿತ ಹಳಬರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ನೋಡಿ ಪ್ರಯೋಜನವಿಲ್ಲ, ನಿಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಚಾಲಕ ನನ್ನ ತಮ್ಮ. ಒಡಹುಟ್ಟಿದ ತಮ್ಮ.

ನಮ್ಮಮ್ಮ ಹೋದಾಗ ನನಗೆ ಹದಿನೇಳು, ಅವನಿಗೆ ಆರು. ಅಪ್ಪ ಇದ್ದರು, ಆದರೆ ಇದ್ದೂ ಇಲ್ಲದ ಹಾಗೆ ಇದ್ದರು. ಅವನಿಗೆ ಟೈಫಾಯ್ಡ್ ಬಂದಾಗ ಆಸ್ಪತ್ರೆಯಲ್ಲಿ ಅವನ ಬಲಗೈಗೆ ಐದು ಸಲ ಚುಚ್ಚಿದರು. ನಾನು ನರ್ಸ್ ಆಗಬೇಕೆಂದು ತೀರ್ಮಾನಿಸಿದ್ದು ಅವತ್ತೇ. ಇದನ್ನು ನಾನು ಎಷ್ಟೋ ಬೀಳ್ಕೊಡುಗೆಗಳಲ್ಲಿ ಹೇಳಿದ್ದೇನೆ, ಆದರೆ "ಒಂದು ಮಗು" ಎಂದು ಹೇಳುತ್ತಿದ್ದೆ. ಅವನ ಮದುವೆ ಮಾಡಿದವಳು ನಾನು. ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುವ ಕೆಲಸಕ್ಕೆ ಹೇಳಿಸಿದವಳೂ ನಾನು. ಬೆಳಗಿನ ಜಾವ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುವ ಕೆಲಸ. ಮಧ್ಯಾಹ್ನ ಮುಗಿದರೆ ಸಂಜೆವರೆಗೂ ಏನು ಮಾಡುವುದು? ವ್ಯಾನು ಅವನ ಕೈಯಲ್ಲೇ ಇರುತ್ತಿತ್ತು, ಊಟದ ಜೊತೆ ಒಂದು ಗ್ಲಾಸು ಎಂದು ಶುರುವಾಯಿತು. ನನಗೆ ಗೊತ್ತಿತ್ತು. ಅವನ ಹೆಂಡತಿ ಎರಡು ಸಲ ಬಂದು ಹೇಳಿದ್ದಳು. ಬುದ್ಧಿ ಹೇಳಿದ್ದೆ. ಬುದ್ಧಿ ಹೇಳುವುದರಲ್ಲಿ ನಾವು ದಾದಿಯರು ಯಾರಿಗೂ ಕಡಿಮೆ ಇಲ್ಲ.

ಅವನು ಊರಿನ ಇನ್ನೊಂದು ಮೂಲೆಯಲ್ಲಿದ್ದ. ಇಲ್ಲಿಗೆ ಯಾವತ್ತೂ ಬಂದವನಲ್ಲ. ಅವತ್ತು ನನ್ನನ್ನು ನೋಡಿ, "ಅಕ್ಕಾ, ನೀನೇ ಇದೀಯಲ್ಲ ಸದ್ಯ" ಎಂದ. ಪೇದೆ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಏನೂ ಅನ್ನಿಸಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಅಕ್ಕಾ ಎನ್ನದವರು ಯಾರು?

ಆಗಲೇ ಹೇಳಬೇಕಿತ್ತು. ಇವನು ನನ್ನ ತಮ್ಮ, ನಾನು ತೆಗೆಯುವ ಹಾಗಿಲ್ಲ, ಬೇರೆಯವರನ್ನು ಕರೆಸಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿದ್ದರೂ ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಕಂದು ಔಷಧಿಯಿಂದಲೇ ಒರೆಸಿದೆ. ಒಣಗಲು ಬಿಟ್ಟೆ. ಒಂದೇ ಸಲಕ್ಕೆ ನರ ಸಿಕ್ಕಿತು. ಬೂದು ಮುಚ್ಚಳದ ಶೀಷೆ ತುಂಬಿಸಿದೆ, ಮುದ್ರೆ ಹಾಕಿದೆ, "ಸ್ಪಿರಿಟ್ ರಹಿತ ದ್ರಾವಣ ಬಳಸಲಾಗಿದೆ" ಎಂದು ಅಚ್ಚಾದ ಸಾಲಿನ ಮುಂದೆ ಸರಿ ಗುರುತು ಹಾಕಿ ಸಹಿ ಮಾಡಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೊಕ್ಕವಾಗಿ ಇನ್ನೊಂದು ಸಲ ರಕ್ತ ತೆಗೆದಿದ್ದೇನೋ ಇಲ್ಲವೋ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಮುಖ ನೋಡಲಿಲ್ಲ.

ವರದಿ ಬಂತು. ಮಿತಿಯ ನಾಲ್ಕರಷ್ಟು.

ಆಮೇಲೆ ಒಂದು ಭಾನುವಾರ ಅವನ ವಕೀಲರು ನಮ್ಮ ಮನೆಗೆ ಬಂದರು. ವಯಸ್ಸಾದವರು, ಮೃದು ಮಾತಿನವರು. ತಮ್ಮನೂ ಅವನ ಹೆಂಡತಿಯೂ ಸೋಫಾದ ತುದಿಯಲ್ಲಿ ಕೂತಿದ್ದರು, ಮಗಳು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ವಕೀಲರು ಕನ್ನಡಕ ತೆಗೆದು ಒರೆಸುತ್ತಾ ಇರುವ ದಾರಿಗಳನ್ನು ವಿವರಿಸಿದರು. ತಪ್ಪು ಒಪ್ಪಿಕೊಂಡರೆ ನ್ಯಾಯಾಧೀಶರು ಸ್ವಲ್ಪ ಕರುಣೆ ತೋರಬಹುದು, ಆದರೆ ಕಾಲು ಮುರಿದಿರುವುದರಿಂದ ಸೆರೆವಾಸ ತಪ್ಪುವುದು ಕಷ್ಟ, ಲೈಸೆನ್ಸ್ ಅಂತೂ ಉಳಿಯುವುದಿಲ್ಲ. ವ್ಯಾನು ಓಡಿಸುತ್ತಿದ್ದವನು ಇವನಲ್ಲ ಎನ್ನಲು ಬರುವುದಿಲ್ಲ, ಬೀದಿಯೇ ನೋಡಿದೆ. ಯಂತ್ರದ ತಕರಾರು ತೆಗೆಯೋಣವೆಂದರೆ ಯಂತ್ರವನ್ನೇ ಬಳಸಿಲ್ಲ. ಮುದ್ರೆ ಸರಿ ಇದೆ, ದಿನಾಂಕ ಸರಿ ಇದೆ. ಇಷ್ಟು ಹೇಳಿ ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಕೈ ಯಾವುದರಿಂದ ಒರೆಸಿದ್ರಿ ಅಂತ ನಾನು ಈಗ ಕೇಳಲ್ಲಮ್ಮಾ. ಕೋರ್ಟಲ್ಲಿ ಕೇಳ್ತೀನಿ. ನೀವೂ ಆಗಲೇ ಹೇಳಿ."

ಅಷ್ಟೇ. ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ತಮ್ಮನೂ ಹೇಳಲಿಲ್ಲ. ನಾನು ಯಾರ ಮೇಲೂ ಹೊರಿಸಲಾರೆ. ಅವರು ಹೋದ ಮೇಲೆ ಸೋಫಾದ ದಿಂಬು ಸರಿಮಾಡಿದೆ, ಲೋಟ ತೊಳೆದೆ. ತೊಳೆಯುತ್ತಿರುವಾಗಲೇ ನನಗೆ ತಿಳಿದುಹೋಯಿತು, ನಾನು ಏನು ಹೇಳುತ್ತೇನೆ ಎಂದು.

ನ್ಯಾಯಾಲಯ ನೀವೆಲ್ಲ ನೋಡಿದ್ದೀರಿ. ನನ್ನ ಗಂಡನ ಮನೆಯ ಹೆಸರು ಬೇರೆ, ತಮ್ಮನ ಹೆಸರು ಬೇರೆ. ಆರೋಪಿ ನಿಮಗೇನಾಗಬೇಕು ಎಂದು ಸರ್ಕಾರಿ ವಕೀಲರು ಕೇಳಲಿಲ್ಲ. ಅವರ ಕೈಯಲ್ಲಿ ಆವತ್ತು ಇನ್ನೂ ಹದಿನಾಲ್ಕು ಕಡತಗಳಿದ್ದವು. ಸಾಕ್ಷಿಕಟ್ಟೆಯ ಮರದ ಅಂಚು ಜನ ಹಿಡಿದು ಹಿಡಿದು ನುಣುಪಾಗಿತ್ತು. ನಾನೂ ಅಲ್ಲೇ ಹಿಡಿದುಕೊಂಡೆ. ತಮ್ಮನ ವಕೀಲರು ಎದ್ದರು. "ಸಿಸ್ಟರ್, ರಕ್ತ ತೆಗೆಯೋ ಮೊದಲು ಚರ್ಮವನ್ನ ಯಾವುದರಿಂದ ಸ್ವಚ್ಛ ಮಾಡಿದ್ರಿ?"

"ಸ್ಪಿರಿಟ್‌ನಿಂದ" ಎಂದೆ.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ. ಹಾಗಾದರೆ ಈ ನಮೂನೆಯಲ್ಲಿ ಸರಿ ಗುರುತು ಹಾಕಿದ್ದೇಕೆ ಎಂದು ವಕೀಲರು ಕೇಳಿದರು. ಅಭ್ಯಾಸಬಲದಿಂದ ಹಾಕಿದೆ ಎಂದೆ. ಬೆರಳಚ್ಚು ಮಾಡುವಾಕೆ ಅದನ್ನು ಟಪಟಪ ಹೊಡೆದಳು. ಕೆಳಗೆ ಬೆಂಚಿನ ಮೇಲೆ ಆ ಹೊಲಿಗೆಯವರು ಎರಡು ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದರು. ಅವರ ಯಜಮಾನರು ಜೊತೆಗಿದ್ದರು.

ತಮ್ಮ ಖುಲಾಸೆಯಾದ. ವಾಸನೆ ಬರುತ್ತಿತ್ತು ಎಂದು ಪೇದೆ ಹೇಳಿದ್ದು ಸಾಲಲಿಲ್ಲ. ಕುಡಿದಿದ್ದ ಎಂಬುದು ನಿಲ್ಲದೆ ಹೋದ ಮೇಲೆ ಉಳಿದದ್ದೂ ನಿಲ್ಲಲಿಲ್ಲ. ಗಂಟು ಅಡ್ಡವಾಗಿ ಆಕೆಗೇ ವ್ಯಾನು ಕಾಣದೆ ಇದ್ದಿರಬಹುದು ಎಂದು ವಕೀಲರು ವಾದಿಸಿದ್ದರು. ಹಾಗೂ ಇರಬಹುದು ಎಂದು ನ್ಯಾಯಾಲಯ ಹೇಳಿತು. ನನಗೆ ಮೆಮೊ ಬಂತು, ಎರಡು ವರ್ಷ ಬಡ್ತಿ ತಡೆದರು. ಅದು ನನಗೆ ಕಷ್ಟವಾಗಲಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಶಿಕ್ಷೆ ಆಗಿಬಿಟ್ಟಿತಲ್ಲ, ಲೆಕ್ಕ ಚುಕ್ತಾ ಅಂದುಕೊಂಡೆ. ಆದರೆ ನಾನು ರಕ್ತ ತೆಗೆದಿದ್ದ ಇನ್ನೂ ಏಳು ಪ್ರಕರಣಗಳು ಬಾಕಿ ಇದ್ದವು. ಈ ಸಿಸ್ಟರ್ ಯಾವಾಗಲೂ ಸ್ಪಿರಿಟ್ ಬಳಸುತ್ತಾರೆ ಎಂದು ಆ ಏಳೂ ವಕೀಲರು ನನ್ನ ಹೇಳಿಕೆಯ ಪ್ರತಿ ತಂದು ಹಾಜರುಪಡಿಸಿದರು. ಏಳೂ ಬಿದ್ದುಹೋದವು. ಅದರಲ್ಲಿ ಒಬ್ಬ ಎರಡನೆಯ ಸಲ ಸಿಕ್ಕಿಬಿದ್ದವನು. ಆ ಏಳು ಜನ ಆಮೇಲೆ ಯಾವ ಯಾವ ರಸ್ತೆಯಲ್ಲಿ ಹೇಗೆ ಹೇಗೆ ಗಾಡಿ ಓಡಿಸಿದರು? ಯಾರಿಗೆ ಗೊತ್ತು? ಅಪಘಾತವಾದವರು ಬಂದಾಗಲೆಲ್ಲ ನಾನು ಮೊದಲು ಚಾಲಕ ಯಾರೆಂದು ವಿಚಾರಿಸುತ್ತಿದ್ದೆ. ಸಿಸ್ಟರ್‌ಗೆ ಎಷ್ಟು ಕಾಳಜಿ ಎಂದು ನೀವೆಲ್ಲ ಅಂದುಕೊಂಡಿರಿ.

ಇನ್ನು ತಮ್ಮ. ಆರು ತಿಂಗಳು ಅವನು ಗ್ಲಾಸು ಮುಟ್ಟಲಿಲ್ಲ. ವಾರಕ್ಕೊಮ್ಮೆ ಬಿಸಿ ಬ್ರೆಡ್ ತಂದುಕೊಡುತ್ತಿದ್ದ, ಕೂರದೆ ಹೋಗುತ್ತಿದ್ದ. ಆಮೇಲೆ ಮತ್ತೆ ಶುರುವಾಯಿತು. ಒಂದು ಸಲ ನಾನು ಬೈದೆ, ಇಷ್ಟಾದ ಮೇಲೂ ನಿನಗೆ ಬುದ್ಧಿ ಬರಲಿಲ್ಲವೇ ಎಂದೆ. ಅದಕ್ಕೆ ಅವನು ಏನು ಹೇಳಿದ ಗೊತ್ತೇ?

"ಅವತ್ತು ನಾನು ಅಷ್ಟೊಂದು ಕುಡ್ದೇ ಇರ್ಲಿಲ್ಲ ಅಕ್ಕಾ. ನಿನ್ನ ಸ್ಪಿರಿಟ್‌ನಿಂದ ರಿಪೋರ್ಟ್ ಹಾಗೆ ಬಂತು. ನೀನೇ ಕೋರ್ಟಲ್ಲಿ ಹೇಳಿದ್ಯಲ್ಲ."

ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡು ಅವನ ಮುಖ ನೋಡಿದೆ. ತಮಾಷೆಯಲ್ಲ. ಅವನು ನಂಬಿಬಿಟ್ಟಿದ್ದ. ನರ್ಸ್ ಮಾಡಿದ ತಪ್ಪಿಗೆ ತಾನು ಒಂದೂವರೆ ವರ್ಷ ಕೋರ್ಟಿಗೆ ಅಲೆದೆ ಎಂದು ಕಾರ್ಖಾನೆಯಲ್ಲೂ ಹೇಳಿಕೊಂಡಿದ್ದನಂತೆ. ಅವನನ್ನು ಸೆರೆಮನೆಯಿಂದ ಬಿಡಿಸಿದೆ ಅಂದುಕೊಂಡಿದ್ದೆ. ಅವನಿಗೆ ತಾನು ಏನು ಮಾಡಿದೆ ಎಂಬುದೇ ತಿಳಿಯದ ಹಾಗೆ ಮಾಡಿಬಿಟ್ಟಿದ್ದೆ. ಈಗ ಅವನಿಗೆ ನಲವತ್ತೊಂಬತ್ತು. ಈಗಲೂ ವ್ಯಾನು ಓಡಿಸುತ್ತಾನೆ. ಸಂಚಾರ ಠಾಣೆಯ ಅಧಿಕಾರಿಗಳೇ, ದಯವಿಟ್ಟು ಇದನ್ನು ಗಮನಿಸಿ. ಅಕ್ಕನಾಗಿ ಇದನ್ನು ಹೇಳುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಲಾರೆ, ಆದರೂ ಹೇಳಿದ್ದೇನೆ.

ಹೊಲಿಗೆಯವರು ನಮ್ಮ ಆಸ್ಪತ್ರೆಗೇ ಬರುತ್ತಿದ್ದರು, ಕಾಲಿನ ವ್ಯಾಯಾಮಕ್ಕೆ. ಮೊದಲ ವರ್ಷ ವಾರಕ್ಕೆ ಮೂರು ದಿನ, ಆಮೇಲೆ ತಿಂಗಳಿಗೊಮ್ಮೆ. ನಿಮ್ಮಲ್ಲಿ ಬಹಳ ಜನರಿಗೆ ಅವರ ಪರಿಚಯವಿದೆ. ಎಡಗಾಲು ಒಂದಂಗುಲ ಗಿಡ್ಡವಾಯಿತು, ಮೊಣಕಾಲು ಪೂರ್ತಿ ಮಡಿಯಲೇ ಇಲ್ಲ. ಕಾಲಿಂದ ತುಳಿಯುವ ಹೊಲಿಗೆ ಯಂತ್ರ ಬಿಟ್ಟು ಕರೆಂಟಿನದಕ್ಕೆ ಬದಲಾಯಿಸಿಕೊಂಡರು. ನಾನು ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದೆ. ಒಂದು ದಿನ ಕಾರಿಡಾರಿನಲ್ಲಿ ಅವರೇ ತಡೆದು ನಿಲ್ಲಿಸಿದರು.

"ಸಿಸ್ಟರ್, ಕೋರ್ಟಲ್ಲಿ ನಿಜ ಹೇಳಿದ್ದಕ್ಕೆ ನಿಮ್ಮ ಬಡ್ತಿ ನಿಲ್ಸಿದ್ರಂತೆ. ಮನಸ್ಸಿಗೆ ಹಚ್ಕೋಬೇಡಿ. ತಪ್ಪು ಎಲ್ಲರಿಂದಲೂ ಆಗುತ್ತೆ. ನನ್ನಿಂದಲೂ ಆಯ್ತಲ್ಲ, ನೋಡ್ದೇ ದಾಟ್ಬಿಟ್ಟೆ."

ಎರಡೂ ಕಡೆ ನೋಡಿಯೇ ದಾಟಿದೆ ಎಂದು ರಕ್ತ ಸುರಿಯುವಾಗ ಹೇಳಿದ ಹೆಂಗಸು, ಎರಡು ವರ್ಷದ ನಂತರ, ನೋಡದೆ ದಾಟಿದೆ ಎಂದು ನನಗೆ ಹೇಳಿದರು. ನ್ಯಾಯಾಲಯವೇ ಹೇಳಿದ ಮೇಲೆ ಇನ್ನೇನು? ಚಾಲಕ ಕುಡಿದಿರಲಿಲ್ಲ ಎಂದ ಮೇಲೆ ತಪ್ಪು ಇನ್ನು ಯಾರದು? ಅವರ ಯಜಮಾನರು ಕೆಟ್ಟವರಲ್ಲ. ಮೆಟ್ಟಿಲು ಇಳಿಸುತ್ತಿದ್ದರು, ಸ್ನಾನಕ್ಕೆ ನೀರು ಹೊತ್ತು ಕೊಡುತ್ತಿದ್ದರು. ಆದರೆ ಒಂದೊಂದು ಮೆಟ್ಟಿಲಿಗೂ, ಅವತ್ತು ಕಣ್ಣು ಎಲ್ಲಿಟ್ಟಿದ್ದೆ, ಎಂದು ಕೇಳುತ್ತಿದ್ದರಂತೆ. ಇದನ್ನು ನಗುತ್ತಲೇ ನನಗೆ ಹೇಳಿದರು. ನಾವು ಗೆಳತಿಯರಾಗಿಬಿಟ್ಟೆವು, ಸಭಿಕರೇ. ಅವರು ನನ್ನ ಎರಡು ಯೂನಿಫಾರ್ಮ್ ಹೊಲಿದುಕೊಟ್ಟಿದ್ದಾರೆ. ನಾನು ಹಾಕಿಕೊಂಡಿದ್ದೇನೆ.

ಒಂಬತ್ತು ವರ್ಷ ಹೀಗೆ ನಡೆಯಿತು. ಹೇಳಬೇಕು ಎಂದು ಪ್ರತಿ ಸಲ ಅನ್ನಿಸುತ್ತಿತ್ತು, ಹೇಳಿದರೆ ಕೆಲಸ ಹೋಗುತ್ತದೆ ಎಂದು ಪ್ರತಿ ಸಲ ಅನ್ನಿಸುತ್ತಿತ್ತು. ಸುಳ್ಳು ಸಾಕ್ಷಿಗೂ ಶಿಕ್ಷೆ ಇದೆ, ಬೆಳಗ್ಗೆ ಮೇಡಂ ಅದನ್ನು ಹೇಳಲಿಲ್ಲ, ನಾನು ಓದಿಕೊಂಡಿದ್ದೇನೆ. ನಿವೃತ್ತಿಯಾಗಲಿ ಎಂದು ಮುಂದಕ್ಕೆ ಹಾಕಿದೆ. ಹೋದ ತಿಂಗಳು ಅವರು ವ್ಯಾಯಾಮಕ್ಕೆ ಒಬ್ಬರೇ ಬಂದರು. ಯಜಮಾನರು ತೀರಿಕೊಂಡು ಎರಡು ವಾರವಾಗಿತ್ತು.

ಕಳೆದ ಭಾನುವಾರ ಅವರ ಮನೆಗೆ ಹೋದೆ. ಹೇಳಿದೆ. ಅಲ್ಲಿಗೆ ಮುಗಿಯಿತು, ಇನ್ನು ಯಾರಿಗೂ ಹೇಳಬೇಕಿಲ್ಲ, ಸುಮ್ಮನೆ ಹೂಗುಚ್ಛ ಇಸಿದುಕೊಂಡು ಮನೆ ಸೇರಬಹುದು ಎಂದುಕೊಂಡಿದ್ದೆ. ಒಂದು ಪತ್ರ ಮಾತ್ರ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ, ಮೂರು ದಿನದಿಂದ ಅದು ಚೀಲದಲ್ಲೇ ಇತ್ತು. ಆದರೆ ಬೆಳಗ್ಗೆ ಈ ಮಕ್ಕಳು ತಲೆ ಬಗ್ಗಿಸಿಕೊಂಡು "ಚಿಕ್ಕ ಅಜಾಗರೂಕತೆ" ಎಂದು ಬರೆದುಕೊಳ್ಳುವುದನ್ನು ನೋಡಿದೆ. ಮಕ್ಕಳೇ, ಆ ಸಾಲನ್ನು ಹೊಡೆದುಹಾಕಿ. ಅಜಾಗರೂಕತೆ ನಡೆಯಲಿಲ್ಲ. ಬಹಳ ಜಾಗರೂಕತೆಯಿಂದಲೇ ಎಲ್ಲವೂ ನಡೆಯಿತು.

ವೈದ್ಯಾಧಿಕಾರಿಗಳೇ, ಪತ್ರ ಇಲ್ಲಿದೆ. ದಿನಾಂಕ, ಪ್ರಕರಣದ ಸಂಖ್ಯೆ, ನಾನು ಬಳಸಿದ್ದು ಏನು, ಹೇಳಿದ್ದು ಏನು, ಎಲ್ಲ ಬರೆದಿದ್ದೇನೆ. ಮುಗಿದ ಪ್ರಕರಣವನ್ನು ಮತ್ತೆ ತೆಗೆಯುತ್ತಾರೋ ಇಲ್ಲವೋ ನನಗೆ ತಿಳಿಯದು. ನನ್ನ ಮೇಲೆ ಏನು ಕ್ರಮ ಎಂಬುದೂ ತಿಳಿಯದು. ನಿನ್ನೆ ತಮ್ಮನಿಗೆ ಫೋನು ಮಾಡಿ, ಇಂಥದೊಂದು ಪತ್ರ ಬರೆದಿದ್ದೇನೆ ಎಂದೆ. ಅವನು, ವಯಸ್ಸಾಯಿತಲ್ಲ ಅಕ್ಕಾ, ನಿನಗೆ ಸರಿಯಾಗಿ ನೆನಪಿಲ್ಲ, ಎಂದ.

ಭಾನುವಾರದ ವಿಷಯ ಅರ್ಧಕ್ಕೇ ಬಿಟ್ಟೆ, ಅದನ್ನು ಹೇಳಿ ಮುಗಿಸುತ್ತೇನೆ. ನಾನು ಹೋದಾಗ ಅವರು ಯಾರದೋ ಪರದೆಯ ಅಂಚು ಹೊಲಿಯುತ್ತಿದ್ದರು. ನಾನು ಹೇಳುತ್ತಾ ಹೋದ ಹಾಗೆ ಯಂತ್ರ ನಿಲ್ಲಿಸಿದರು. ತಮ್ಮನ ವಿಷಯವನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ, ಅಳುತ್ತಾರೆ ಎಂದು ಕಾದೆ. ಗೋಡೆಯ ಪಕ್ಕದಲ್ಲಿ ಅವರ ಯಜಮಾನರ ಖಾಲಿ ಕುರ್ಚಿ ಇತ್ತು. ಅದರ ಕಡೆ ನೋಡುತ್ತಾ ಕೂತಿದ್ದರು.

"ಇದನ್ನ ಅವರು ಇದ್ದಾಗ ಹೇಳ್ಬೇಕಿತ್ತು ನೀವು" ಎಂದರು.

ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮತ್ತೆ ಯಂತ್ರ ಶುರುಮಾಡಿದ್ದರು. ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ, "ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ" ಎಂದರು. ನಾನು ಬಾಗಿಲು ಎಳೆದುಕೊಂಡು ಬಂದೆ.

ಇಷ್ಟು ಹೊತ್ತು ಸಹನೆಯಿಂದ ಕೇಳಿದ ತಮಗೆಲ್ಲರಿಗೂ, ಈ ಸಮಾರಂಭ ಏರ್ಪಡಿಸಿದ ಸಿಬ್ಬಂದಿ ಬಳಗಕ್ಕೂ ನನ್ನ ಧನ್ಯವಾದಗಳು. ನಮಸ್ಕಾರ.